ತಿರುಗಿಸಿದ ಬೆನ್ನು

ಎಡಗಾಲಿನ ಬೂಟಿನ ಹಿಮ್ಮಡಿಗೆ ಒಣಗಿ ಅಂಟಿದ್ದ ಲದ್ದಿಯನ್ನು ಐವಿ ಬೆಣ್ಣೆ ಸವರುವ ಚಾಕುವಿನಿಂದ ಕೆರೆಯುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಆ ಬೂಟುಗಳು ಗಂಡ ಕ್ಲೆಮ್‌ನ ಶವಪೆಟ್ಟಿಗೆಯ ಮೇಲೆ ಕೂರಬೇಕಿತ್ತು. ಕುದುರೆ ಪಳಗಿಸುವವರನ್ನು ಈ ಕಣಿವೆಯಲ್ಲಿ ಹಾಗೆಯೇ ಕಳಿಸಿಕೊಡುವುದು.

"ಸತ್ತವನ ಬೂಟು ಹೊಳೆದು ಏನಾಗ್ಬೇಕೇ?" ಎಂದಳು ಅಕ್ಕ ನೆಲ್. "ನಿನ್ನ ಬಟ್ಟೆ ಪೆಟ್ಟಿಗೆ ಆಗ್ಲೇ ನನ್ನ ಕಾರಿನ ಡಿಕ್ಕೀಲಿದೆ. ಟೀ ಮುಗೀತಿದ್ದ ಹಾಗೆ ಹೊರಡೋದು. ರಾಸ್‌ಗೆ ಹೇಳಿದ್ಯಾ?"

"ಹೇಳ್ತೀನಿ."

"ನೀನು ಹೇಳ್ತೀನಿ ಅನ್ನೋದನ್ನ ಕೇಳ್ತಾ ಕೇಳ್ತಾ ನನ್ನ ಹಲ್ಲೆಲ್ಲ ಉದುರಿ, ಹೊಸದು ಕಟ್ಟಿಸ್ಕೊಂಡಿದ್ದೂ ಆಯ್ತು."

ಕಡಲತೀರದ ಯಾಂಬಾ ಊರಿನಲ್ಲಿ, ನೆಲ್‌ಳ ಮನೆಯ ಹಿಂದಿನ ಕೋಣೆಯಿಂದ ಸಮುದ್ರ ಕಾಣುತ್ತದಂತೆ. ಆ ಕೋಣೆ ಎಷ್ಟೋ ವರ್ಷದಿಂದ ಐವಿಗಾಗಿ ಖಾಲಿಯಿತ್ತು. ಇಂದು ಹೋಗದಿದ್ದರೆ ತಾನು ಎಂದೂ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಾಳೆ ಬೆಳಗಾದರೆ ಮಗ ರಾಸ್‌ಗೆ ತಿಂಡಿಯಾಗಬೇಕು, ಕುದುರೆಗಳಿಗೆ ಹುಲ್ಲಾಗಬೇಕು, ನಾಡಿದ್ದೂ ಅದೇ.

ಅಡುಗೆಮನೆಯ ಕಿಟಕಿಯಾಚೆ ದುಂಡು ದೊಡ್ಡಿಯಲ್ಲಿ ಕಂದು ಬಣ್ಣದ ಎಳೆಗುದುರೆಯೊಂದು ನಿಂತಿತ್ತು. ಅರ್ಧ ಪಳಗಿದ ಹೆಣ್ಣು. ಕ್ಲೆಮ್ ಎದೆ ಹಿಡಿದುಕೊಂಡು ಬಿದ್ದದ್ದು ಅದರ ಕಾಲ ಬುಡದಲ್ಲೇ.

ಚರ್ಚಿನಲ್ಲಿ ಮಾತಾಡಲು ಎದ್ದವನು ಕ್ಲೆಮ್‌ನ ಹಳೆಯ ಗೆಳೆಯ ಮಹೋನಿ. ಕ್ಲೆಮ್ ಯಾವ ಕುದುರೆಯ ಮೇಲೂ ಚಾಟಿ ಎತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ ಎಂದ. ಹೊಸ ಕುದುರೆಯನ್ನು ದೊಡ್ಡಿಗೆ ಬಿಟ್ಟು, ಅದು ಬೇಲಿಗುಂಟ ಸುತ್ತುವಷ್ಟು ಸುತ್ತಲಿ ಎಂದು ನಡುವೆ ನಿಲ್ಲುತ್ತಿದ್ದ. ಅದರ ಒಳಬದಿಯ ಕಿವಿ ತನ್ನ ಕಡೆ ತಿರುಗಿ, ಅದು ತುಟಿ ನೆಕ್ಕಿಕೊಳ್ಳತೊಡಗಿದರೆ ಸೋತಿದೆ ಎಂದು ಅರ್ಥ. ಆಗ ಬೆನ್ನು ತಿರುಗಿಸಿ ಸುಮ್ಮನಾಗುತ್ತಿದ್ದ. ಕುದುರೆ ತಾನಾಗಿ ಬಂದು ಅವನ ಬೆನ್ನ ಹಿಂದೆ ನಿಲ್ಲುತ್ತಿತ್ತು.

"ಐವಿ, ಬೇಜಾರು ಮಾಡ್ಕೋಬೇಡ, ಇದನ್ನ ಹೇಳ್ಲೇಬೇಕು," ಎಂದು ಮಹೋನಿ ಅವಳ ಕಡೆ ನೋಡಿದ. "ಮದುವೆಯಾದ ಹೊಸದ್ರಲ್ಲಿ ಈಯಮ್ಮ ಸಿಟ್ಟು ಮಾಡ್ಕೊಂಡು ಬಸ್ಸಿಗೆ ಹೋಗಿ ನಿಂತ್ಲು. ಇವನು ಟ್ರಕ್ ತಗೊಂಡು ಹೋದ. ಬಾ ಅಂತ ಕರೆದ್ನಾ? ಇಲ್ಲ. ಅಲ್ಲೇ ಮರದ ದಿಮ್ಮಿ ಮೇಲೆ ಬೆನ್ನು ತಿರುಗ್ಸಿ ಕೂತ. ಬಸ್ ಬರೋದ್ರೊಳಗೆ ಈಯಮ್ಮ ಅವನ ಹಿಂದೆ ಬಂದು ನಿಂತಿದ್ಲು!"

ಚರ್ಚಿಗೆ ಚರ್ಚೇ ನಕ್ಕಿತು. ಐವಿಯೂ ನಕ್ಕಳು. ಈ ಕಥೆಗೆ ನಕ್ಕು ಅವಳಿಗೆ ರೂಢಿಯಾಗಿತ್ತು.

*

ಅಂದು ನಡೆದದ್ದೂ ಹೆಚ್ಚುಕಡಿಮೆ ಹಾಗೆಯೇ.

ಕ್ಲೆಮ್ ಬಯ್ದವನಲ್ಲ, ಹೊಡೆದವನಲ್ಲ. ಅಮ್ಮನನ್ನು ನೋಡಿ ಬರುತ್ತೇನೆ ಎಂದರೂ ಅಂಚೆ ಕಚೇರಿಯಲ್ಲಿ ಕೆಲಸ ಕೊಡುತ್ತಾರಂತೆ ಎಂದರೂ ಅವನು ಬೆನ್ನು ತಿರುಗಿಸಿ ಹೊರಗೆ ಹೋಗುತ್ತಿದ್ದ. ಆಮೇಲೆ ದಿನಗಟ್ಟಲೆ ಮಾತಿಲ್ಲ. ಅವಳು ಆ ಮೌನದ ಸುತ್ತ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಸುತ್ತಿ ಸುತ್ತಿ ಸಾಕಾಗಿ, ಕೊನೆಗೆ ತಾನು ಕೇಳಿದ್ದು ಏನೆಂಬುದೇ ಮರೆತಂತಾಗಿ ಅವನ ತಟ್ಟೆಗೆ ಬಡಿಸುತ್ತಿದ್ದಳು.

ಬಸ್ಸಿಗೆ ಕಾದ ದಿನ ರಾಸ್ ಹೊಟ್ಟೆಯಲ್ಲಿದ್ದ. ನೆತ್ತಿ ಸುಡುವ ಬಿಸಿಲು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಟ್ರಕ್ಕಿನ ಮುಂಭಾಗದಲ್ಲಿ ಕ್ಯಾನ್ವಾಸಿನ ನೀರಿನ ಚೀಲ ತೂಗುತ್ತಿತ್ತು. ಅದರ ತಳದಿಂದ ಹನಿ ಹನಿ ನೀರು ಧೂಳಿಗೆ ಬೀಳುತ್ತಿತ್ತು. ಅವಳು ಹೋದದ್ದು ನೀರಿಗೆ. ದಿಮ್ಮಿಯನ್ನು ಹಾದೇ ಹೋಗಬೇಕಿತ್ತು. ನೀರು ಕುಡಿದು ಅವಳು ಅವನ ಬೆನ್ನ ಹಿಂದೆ ಹಾದು ಬರುವಾಗ ಕ್ಲೆಮ್ ಎದ್ದು ನಿಂತು, ತಿರುಗಿ ನೋಡದೆ, ಕೈಯನ್ನು ಹಿಂದಕ್ಕೆ ಚಾಚಿ ಅವಳ ಕತ್ತು ಸವರಿದ.

"ಜಾಣೆ," ಎಂದ.

ನೊಣ ಕೂತ ಕುದುರೆಯ ಚರ್ಮದಂತೆ ಅವಳ ಕತ್ತು ಅದುರಿತು. ಬಸ್ಸು ಬಂತು, ಹೋಯಿತು. ಬಾಯಾರಿಕೆಯ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ. ಮೊದಮೊದಲು ನಾಚಿಕೆ. ಆಮೇಲೆ, ಕಥೆ ಇಷ್ಟು ಚೆನ್ನಾಗಿರುವಾಗ ಯಾರು ಕೇಳುತ್ತಾರೆ?

*

ಮಣ್ಣು ಮಾಡಿ ಬಂದವರು ಮನೆಯ ಜಗುಲಿಯಲ್ಲಿ ಟೀ ಕುಡಿದು ಒಬ್ಬೊಬ್ಬರಾಗಿ ಹೊರಟರು. ಹೊರಡುವಾಗ ಮಹೋನಿ ರಾಸ್‌ನ ಹೆಗಲು ತಟ್ಟಿ, ಅಪ್ಪನ ಕೈಯೇ ನಿನಗೂ ಬಂದಿದೆ, ಕಂದುಗುದುರೆಯನ್ನು ಪಳಗಿಸುವುದನ್ನು ನೀನೇ ಮುಗಿಸು ಎಂದ. ರಾಸ್ ತಲೆಯಾಡಿಸಿದ. ಅಮ್ಮ ಇದ್ದಾಳಲ್ಲ, ಮನೆ ಕಡೆ ಯೋಚನೆಯಿಲ್ಲ ಎಂದ.

ನೆಲ್ ಕಾರಿನಲ್ಲಿ ಕೂತು ಎಂಜಿನ್ ಶುರು ಮಾಡಿದಳು.

"ರಾಸ್, ನಾನು ನೆಲ್ ಜೊತೆ ಹೋಗ್ತಿದೀನಿ," ಎಂದಳು ಐವಿ. "ಇರೋಕೇ ಹೋಗ್ತಿದೀನಪ್ಪ."

ರಾಸ್ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದು ದೊಡ್ಡಿಗೆ ನಡೆದ. ಒಳಗೆ ಹೋಗಿ, ಗೇಟನ್ನು ತೆರೆದೇ ಬಿಟ್ಟು, ನಡುವೆ ನಿಂತ. ಅವಳ ಕಡೆ ಬೆನ್ನು.

ಆ ಬೆನ್ನನ್ನು ಅವಳು ಬಲ್ಲಳು. ಅಪ್ಪನ ಹಾಗೆಯೇ ಬಲಹೆಗಲು ಒಂದಿಷ್ಟು ತಗ್ಗು.

ಕಾರು ಎಡಕ್ಕೆ, ದೊಡ್ಡಿ ಬಲಕ್ಕೆ. ಕಾಲು ಬಲಕ್ಕೆ ಹೊರಟಾಗ ಅವಳು ತಡೆಯಲಿಲ್ಲ. ತಡೆಯಬೇಕೆಂದು ನೆನಪಾಗುವ ಹೊತ್ತಿಗೆ ಗೇಟಿನ ಬಳಿ ಬಂದಾಗಿತ್ತು. ಬೆಳಗಿನಿಂದ ಒಂದು ಗುಟುಕು ಟೀಯೂ ಕುಡಿದಿರಲಿಲ್ಲ. ನಾಲಿಗೆ ತಾನಾಗಿ ಹೊರಬಂದು ಒಣಗಿದ ತುಟಿಯನ್ನು ಸವರಿತು.

ಅವಳು ಬಾಯಿ ಮುಚ್ಚಿಕೊಂಡಳು. ಅಲ್ಲೇ ನಿಂತಳು.

ಹೆಜ್ಜೆಯ ಸದ್ದು ಕೇಳಿದ ರಾಸ್, ತಿರುಗದೆ, ಕೈಯನ್ನು ಹಿಂದಕ್ಕೆ ಚಾಚಿದ. ಕೈ ಗಾಳಿಯಲ್ಲಿ ಕಾದಿತ್ತು. ಬೇಲಿಯ ಬದಿಯಲ್ಲಿದ್ದ ಕಂದುಗುದುರೆ ಕಿವಿ ನಿಮಿರಿಸಿ ಆ ಕೈಯನ್ನು ನೋಡಿತು, ಆಮೇಲೆ ತಲೆ ತಗ್ಗಿಸಿಕೊಂಡು ಮೆಲ್ಲನೆ ಬಂದು ಕತ್ತನ್ನು ಅದರ ಕೆಳಗಿಟ್ಟಿತು.

ಐವಿ ಗೇಟನ್ನು ಎಳೆದುಕೊಂಡಳು. ಒಳಗೆ ಕುದುರೆಯಿದ್ದರೆ ಗೇಟು ಹಾಕಬೇಕು. ಈ ಮನೆಗೆ ಬಂದ ಮೊದಲ ದಿನ ಕಲಿತ ಪಾಠ. ಹೊರಗಿನಿಂದ ಸರಪಳಿ ಸಿಕ್ಕಿಸಿದಳು. ಬಿಸಿಲಿಗೆ ಕಾದಿದ್ದ ಸರಪಳಿ ಬೆರಳುಗಳನ್ನು ಸುಡುತ್ತಿತ್ತು. ಆದರೂ ಕೈ ಬಿಟ್ಟು ಕಾರಿನ ಕಡೆ ತಿರುಗಲು ಅವಳಿಗೆ ತುಸು ಹೊತ್ತು ಬೇಕಾಯಿತು.