ಗೋಡೆಗೊಂದು ಜೋಬು

ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾದ ದಿನದಿಂದ ಟೈಲರಮ್ಮನಿಗೆ ಒಂದೇ ಚಿಂತೆ. ಹೊಸ ಮನೆಯಲ್ಲಿ ಹೊಲಿಗೆ ಮಿಷನ್ನು ಕಿಟಕಿಯ ಪಕ್ಕ ಹಿಡಿಸುತ್ತದೋ ಇಲ್ಲವೋ? ಬೆಳಕಿಲ್ಲದೆ ಕಪ್ಪು ಬಟ್ಟೆಗೆ ಕಪ್ಪು ದಾರ ಓಡಿಸುವುದು ಯಾರಪ್ಪನಿಂದಲೂ ಆಗದ ಕೆಲಸ. ಅತ್ತೆಯ ರಾಗವೇ ಬೇರೆ. "ಇನ್ನಾದ್ರೂ ಆ ಕಟಕಟ ಮನೆಯಿಂದ ತೊಲಗ್ಲಿ, ತಲೆ ಚಿಟ್ಟು ಹಿಡಿದುಹೋಗಿದೆ" ಎಂದು ಗೊಣಗುವರು. ಗೊಣಗುತ್ತಲೇ ಸೊಸೆ ಹೊಲಿದ ಅಂಗಿಗಳಿಗೆಲ್ಲ ಗುಂಡಿ ಹಚ್ಚಿಕೊಡುವರು.

ನಕ್ಷೆ ಬರೆಯುವ ಆರ್ಕಿಟೆಕ್ಟ್ ಹುಡುಗಿ ಕಾಗದ ತೋರಿಸಿ ಸಹಿ ಹಾಕಿಸಿಕೊಂಡು ಹೋಗುವ ಪೈಕಿಯಲ್ಲ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಹೊಸ ಮನೆಯನ್ನು ನಿಜದ ಅಳತೆಗೇ ಎಳೆದು, "ಬನ್ನಿ, ಒಂದು ಗಂಟೆ ಸಂಸಾರ ಮಾಡಿ ನೋಡಿ. ಎಲ್ಲಿ ಇಕ್ಕಟ್ಟು ಅನ್ಸುತ್ತೋ ಹೇಳಿ, ಬದಲಾಯಿಸ್ತೀನಿ" ಎಂದಳು.

ಮೇಲಿನ ಮಹಡಿಯ ಬಸ್ ಡ್ರೈವರ್ ಇಲ್ಲದ ಬಾಗಿಲು ತಟ್ಟಿ, "ಯಾರಿದ್ದೀರಿ ಒಳಗೆ?" ಎಂದ. ಅತ್ತೆ ಕುರ್ಚಿ ಹಿಡಿದುಕೊಂಡು, ಬಾಗಿಲಿನ ಗುರುತಿನಿಂದಲೇ ಒಳಗೆ ಬರಲು ಇಡೀ ಮನೆ ಸುತ್ತಿ ಬಂದರು.

"ಗೆರೆ ದಾಟಿ ಬನ್ನಿ ಅತ್ತೆ."

"ಗೋಡೆ ತೂರಿಕೊಂಡು ಬರೋಕೆ ನಾನೇನು ದೆವ್ವಾನಾ?"

ಮಿಷನ್ನು ಅಂಗಳಕ್ಕೆ ಇಳಿಸಿ ಕಿಟಕಿಯ ಗೆರೆಯ ಬಳಿ ಇಟ್ಟರೆ ಕರಾರುವಾಕ್ಕಾಗಿ ಹಿಡಿಸಿತು. ಟೈಲರಮ್ಮ ಹಿಗ್ಗಿ ಹೀರೇಕಾಯಿಯಾದಳು. ಆದರೆ ಕೊರಳಲ್ಲಿ ಟೇಪು ನೇತಾಡುವವಳ ಕೈ ಸುಮ್ಮನಿದ್ದೀತೇ? ಗೆರೆಯ ಮೇಲೆ ಟೇಪು ಹಿಡಿದವಳೇ ಹುಬ್ಬು ಗಂಟಿಕ್ಕಿದಳು.

"ಹೊಲಿಗೆಗೆ ಎಷ್ಟು ಬಟ್ಟೆ ಬಿಟ್ಟಿದ್ದೀಯಮ್ಮಾ?"

"ಬಟ್ಟೆನಾ?" ಎಂದಳು ಹುಡುಗಿ.

"ಮೈ ಅಳತೆಗೇ ಕತ್ತರಿಸಿದ್ರೆ ಅಂಗಿ ಮೈಗಿಳಿಯಲ್ಲ. ಗೋಡೆ ಅಂದ್ಮೇಲೆ ದಪ್ಪ ಬೇಡ್ವಾ? ನಿಂದು ದಾರದ ಹಾಗಿದೆ."

ಹುಡುಗಿ ನಾಲಗೆ ಕಚ್ಚಿಕೊಂಡಳು. ಗೋಡೆಯ ನಡುಗೆರೆಯನ್ನಷ್ಟೇ ನೆಲಕ್ಕಿಳಿಸಿದ್ದಳು. ಎರಡೂ ಬದಿಗೆ ದಪ್ಪ ತುಂಬಿದಾಗ ಕೋಣೆ ನೀರು ಕಂಡ ಉಣ್ಣೆಯಂತೆ ಕುಗ್ಗಿತು. ಮಿಷನ್ನು ಇಟ್ಟರೆ ಬಾಗಿಲು ತೆರೆಯದು.

"ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತಲ್ಲಕ್ಕಾ!" ಎಂದು ಡ್ರೈವರ್ ನಕ್ಕ. ಟೈಲರಮ್ಮನಿಗೆ ನಗು ಬರಲಿಲ್ಲ. ಕೈಯಾರೆ ತನ್ನ ಜಾಗ ಕಳೆದುಕೊಂಡೆನಲ್ಲ ಎಂದು ಟೇಪು ಸುತ್ತಿಟ್ಟಳು. ಮಿಷನ್ನಿನ ಮೇಲೆ ಅರ್ಧ ಹೊಲಿದ ಅಂಗಿಯೊಂದು ಹಾಗೇ ಬಂದಿತ್ತು, ಎದೆಯ ಮೇಲೆ ಜೋಬು. ಅದನ್ನೇ ನೋಡುತ್ತ ನಿಂತವಳು ಸಟ್ಟನೆ ಬಗ್ಗಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕಿಟಕಿಯ ಹೊರಗೆ ಒಂದು ಚೌಕ ಎಳೆದಳು.

"ಒಳಗೆ ಜಾಗ ಇಲ್ದಿದ್ರೆ ಹೊರಗಡೆ ಜೋಬು ಹೊಲಿ."

"ಆಗುತ್ತೆ! ಕಿಟಕಿಯನ್ನೇ ಮುಂದಕ್ಕೆ ತಳ್ಳಿದ್ರಾಯ್ತು!" ಹುಡುಗಿ ಚಪ್ಪಾಳೆ ಹೊಡೆದಳು.

"ಹಾಗಾದ್ರೆ ನಂಗೂ ಒಂದು ಜೋಬು," ಎಂದ ಡ್ರೈವರ್.

ಅತ್ತೆ ಮತ್ತೆ ಬಾಗಿಲಿನಿಂದಲೇ ಸುತ್ತಿ ಬಂದು ಚೌಕವನ್ನು ನೋಡಿದರು. "ಇದೇನು ಇಷ್ಟು ಸಣ್ಣ? ಇನ್ನೊಂದು ಕುರ್ಚಿ ಹಿಡಿಸೋ ಹಾಗೆ ಬರಿ."

"ಕಟಕಟಕ್ಕೆ ತಲೆ ಚಿಟ್ಟು ಹಿಡಿಯುತ್ತಲ್ಲ ಅತ್ತೆ?"

"ಹಿಡಿಯುತ್ತೆ. ಮತ್ತೆ ಗುಂಡಿ ನಿಮ್ಮಪ್ಪ ಬಂದು ಹಚ್ತಾನಾ?" ಎನ್ನುತ್ತ ಅತ್ತೆ ಕುರ್ಚಿಯನ್ನು ಜೋಬಿನೊಳಗೆ ಎಳೆದುಕೊಂಡು ಕೂತರು.