ಅಮಾವಾಸ್ಯೆಗೆ ತಡೆದ ವಿಮೆ

“ಸತ್ತೋರೇನು ಎದ್ದು ಬಂದು ಕೇಳ್ತಾರೇನ್ರಿ, ಕೊಟ್ರಬಸಪ್ಪನವರ? ಒಂದು ಸಹಿ ಹಾಕ್ರಿ,” ಎಂದು ಬ್ಯಾಂಕಿನ ಸುಮಲತಾ ಮೇಡಂ ಪತ್ರವನ್ನು ನನ್ನ ಕಡೆ ಸರಿಸಿದರು.

ಹಗರಿಬೊಮ್ಮನಹಳ್ಳಿ ಹೊರಗಿನ ನಮ್ಮ ಶೆಡ್ಡಿನಲ್ಲಿ ಮಿಡಿಸೌತೆಯನ್ನು ಉಪ್ಪುನೀರಿನ ಪೀಪಾಯಿಗೆ ತುಂಬಿ ರಷ್ಯಾಕ್ಕೆ ಕಳಿಸುತ್ತಿದ್ದೆವು. ರೂಬಲ್ ಬಿದ್ದ ವರ್ಷ ಅದು. ನಮ್ಮ ಎರಡು ಕಂಟೇನರ್ ಸರಕು ತಗೊಂಡವನು ಅಂಗಡಿಗೆ ಬಾಗಿಲು ಹಾಕಿಕೊಂಡು ಹೋಗಿಬಿಟ್ಟ. ಹೊರದೇಶದವನು ಕೈಯೆತ್ತಿದರೆ ನೂರಕ್ಕೆ ತೊಂಬತ್ತು ತುಂಬಿಕೊಡುವ ಸರಕಾರದ ರಫ್ತು ವಿಮೆ ನಮಗಿತ್ತು. ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಟ್ಟದ್ದೂ ಅದನ್ನು ನಂಬಿಯೇ. ಆದರೆ ಸರಕಿನ ವಿವರ, ಪ್ರೀಮಿಯಂ ಹಣದ ಡಿಡಿ ಎರಡನ್ನೂ ತಿಂಗಳ ಹದಿನೈದರೊಳಗೆ ಕಳಿಸಬೇಕು. ನಮ್ಮದು ಹದಿನಾರಕ್ಕೆ ಹೋಗಿತ್ತು.

ತಡವಾದದ್ದು ಗುಮಾಸ್ತ ವೀರಭದ್ರಯ್ಯನ ಅಲಕ್ಷ್ಯದಿಂದ ಎಂದು ವಿಮೆಯವರಿಗೆ ಇಂಗ್ಲಿಷಿನಲ್ಲಿ ಬರೆದ ಆ ಪತ್ರದಲ್ಲಿದೆ ಎಂದು ಮೇಡಂ ಹೇಳಿದರು. ಆತ ತೀರಿಕೊಂಡು ಎರಡು ತಿಂಗಳು.

“ನೀವೇ ಬೇಕಂತ ತಡದ್ರಿ ಅಂದ್ರ ವಿಮಿಯವರು ಕೈಬಿಡ್ತಾರ. ಹೋದಾವನ ತಪ್ಪು ಅಂದ್ರ ಮಾಫಿ ಮಾಡಬಹುದು. ಇಲ್ಲಾಂದ್ರ ಈ ಶೆಡ್ಡಿಗೆ ಬೀಗ, ನೋಡ್ರಿ.”

ಪೆನ್ನು ತೆರೆದೆ. ನನಗೆ ಇಂಗ್ಲಿಷ್ ಬಾರದು. ಹತ್ತು ವರ್ಷ ವೀರಭದ್ರಯ್ಯ ಪ್ರತಿಯೊಂದು ಪತ್ರವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿಯೇ ಸಹಿ ಕೇಳುತ್ತಿದ್ದ. ಓದುವ ಮುನ್ನ ಗಂಟಲು ಸರಿಮಾಡಿಕೊಳ್ಳುವುದು ಬೇರೆ. ಆತ ಹೋದಮೇಲೂ ನಾನು ಪೆನ್ನು ತೆರೆದರೆ ಸಾಕು, ಬಲಗಡೆ ಆ ಗಂಟಲು ಕೇಳುತ್ತಿತ್ತು. ಈಗಲೂ ಕೇಳಿತು. ಹಿಂದೆಯೇ ಧ್ವನಿ: “ನನ್ನ ಗುಮಾಸ್ತ ವೀರಭದ್ರಯ್ಯ ಅಲಕ್ಷ್ಯ ಮಾಡಿದ... ಸರಿ ಐತೇನ್ರಿ ಧಣಿ? ಮಾಡ್ರಿ ಸಹಿ.” ಸಿಟ್ಟಿಲ್ಲ, ಸೆಡವಿಲ್ಲ. ದಿನಾ ಕೇಳುವ ಹಾಗೇ ಕೇಳಿದ.

“ಯಾಕ್ರಿ, ಹಿಂಗ್ ಬೆವತೀರಿ?”

“ಮೇಡಂ, ಇದನ್ನ ಕನ್ನಡದಾಗ ಓದ್ರಿ. ಗಟ್ಟಿಯಾಗಿ.”

ಓದಿದರು. ಆ ಹೆಸರು ತಗಡಿನ ಸೂರಿಗೆ ಬಡಿದು ತಿರುಗಿತು. ಸೌತೆ ಆರಿಸುತ್ತಿದ್ದ ಹೆಂಗಸರ ಮಾತು ನಿಂತಿತು. ಅವರ ನಡುವಿನಿಂದ ವೀರಭದ್ರಯ್ಯನ ಹೆಂಡತಿ ಬೊಮ್ಮಮ್ಮ ಎದ್ದು ಬಾಗಿಲಿಗೆ ಬಂದಳು.

“ನಮ್ಮನಿಯವರ ಹೆಸರು ಎದಕ ಬಂತ್ರಿ?”

“ಏನಿಲ್ಲವಾ, ನೀ ಹೋಗು,” ಎಂದರು ಮೇಡಂ.

“ಕನಸಿನಾಗ ಬಂದು ಒಂದ ಮಾತು ಕೇಳ್ತಾರ್ರಿ. ‘ಡಿಡಿ ಹೋತೇನು, ಡಿಡಿ ಹೋತೇನು’ ಅಂತ. ನಾ ಏನ್ ಹೇಳ್ಲಿ?”

ನಾನು ಪೆನ್ನು ಕೆಳಗಿಟ್ಟೆ. “ಹದಿನೈದಕ್ಕ ಕಳಿಸಾಣ ಅಂತ ಆತ ಡಿಡಿ ಹಿಡಕೊಂಡ ನಿಂತಿದ್ದ, ಬೊಮ್ಮಮ್ಮ. ಅಮಾಸಿ ದಿನ ಲಕ್ಷ್ಮೀನ ಹೊರಗ ಹಾಕ್ತೀಯೇನಲೇ ಅಂತ ಬೈದು ತಡದಾವ ನಾನು. ಕ್ವಾಣ ನಾನು.”

“ಹಂಗಾರ ಅದನ್ನ ಬರೀರಿ.”

“ಶೆಡ್ಡು ಹೋಗ್ತೈತಿ, ನಿನ್ನ ಕೂಲಿನೂ ಹೋಗ್ತೈತಿ,” ಮೇಡಂ ದನಿ ಎತ್ತರಿಸಿದರು.

“ಕೂಲಿ ಎಲ್ಲ್ಯಾರ ಸಿಗತೈತ್ರಿ, ಅಕ್ಕಾರ.”

“ಹೊಸ ಹಾಳಿ ಕೊಡ್ರಿ ಮೇಡಂ,” ಅಂದೆ.

ಹೊರಗೆ ಬಿಸಿಲಲ್ಲಿದ್ದ ಪೀಪಾಯಿಯೊಂದರ ಮುಚ್ಚಳ, ಒಳಗಿನ ಹುಳಿಗಾಳಿ ತಡೆಯದೆ ಠಪ್ಪನೆ ಹಾರಿತು. ಉಪ್ಪುನೀರು ಹೊಸ್ತಿಲು ದಾಟಿ ಒಳಗೆ ಹರಿದು ಬಂತು. ಬೊಮ್ಮಮ್ಮ ಸೀರೆಯ ನಿರಿಗೆ ಎತ್ತಿಕೊಂಡು ಪಕ್ಕಕ್ಕೆ ಸರಿದಳು.