ಕಡಲ ಮನೆಯ ಕುಂದುಕೊರತೆ

ಗೋಕರ್ಣಕ್ಕೆ ದೇವರ ದರ್ಶನಕ್ಕೆಂದು ಹೋದ ಶಿವರಾಜಪ್ಪ ಬರುವಾಗ ಒಂದು ಮನೆ ಕೊಂಡುಕೊಂಡು ಬಂದ. ಇಂಥ ಕೆಲಸ ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನ ಅಡತಿ ವ್ಯಾಪಾರಿಗಳಿಂದಲೇ ಆಗಬೇಕು. ಚೀಲಕ್ಕೆ ಕೊಳವೆ ಚುಚ್ಚಿ, ಅಂಗೈಗೆ ಉದುರಿದ ನಾಲ್ಕು ಕಾಳು ತೊಗರಿ ನೋಡಿ, ಇಡೀ ಲಾರಿಗೆ ದರ ಹೇಳುವ ಮಂದಿ ಅವರು. ಕುಮಟಾದ ಆಚೆ, ಅಂಗಳದಿಂದ ಅಲೆ ಕಾಣುವ ಮನೆಯೊಂದು ಮಾರಾಟಕ್ಕಿದೆ ಎಂದು ಯಾರೋ ತೋರಿಸಿದರು. ಜನವರಿಯ ಹಿತವಾದ ಬಿಸಿಲು, ತಂಪು ಗಾಳಿ, ಕೈಗೆಟುಕುವಷ್ಟು ಮೇಲೆ ಬಾವಿಯ ನೀರು. ಶಿವರಾಜಪ್ಪ ಒಮ್ಮೆ ಎದೆ ತುಂಬ ಉಸಿರೆಳೆದುಕೊಂಡ, ಒಂದು ಕೋಣೆ ಇಣುಕಿ ನೋಡಿದ, ದರ ಹೇಳಿಬಿಟ್ಟ. ಚೀಲದ ತಳದಲ್ಲಿ ಎಂಥ ಕಾಳಿತ್ತು ಎಂಬುದು ಆಮೇಲೆ ತಿಳಿಯಿತು.

ಮನೆ ಕೊಂಡದ್ದು ಒಂದು ತಪ್ಪಾದರೆ ಅದನ್ನು ಮುಚ್ಚಿ ಬಂದದ್ದು ಇನ್ನೊಂದು. ಬೀದರಿನಲ್ಲಿ ಮನೆ ಬಿಟ್ಟು ಹೋಗುವವರು ಕಿಟಕಿ ಬಾಗಿಲು ಬಿಗಿಯಾಗಿ ಹಾಕಿ, ಸಂದಿಗೆಲ್ಲ ಅರಿವೆ ತುರುಕಿ ಕೀಲಿ ಜಡಿಯುತ್ತಾರೆ. ಧೂಳು ಬರಬಾರದು, ಝಳ ಬರಬಾರದು. ವರ್ಷ ಬಿಟ್ಟು ತೆರೆದರೂ ಮನೆ ಇಟ್ಟಹಾಗೇ ಇರುತ್ತದೆ. ಶಿವರಾಜಪ್ಪ ಅಲ್ಲಿಯೂ ಹಾಗೇ ಮಾಡಿದ. ಮಳೆಗಾಲ ಕಳೆದು ಗಂಡ ಹೆಂಡತಿ ಹೋಗಿ ಬಾಗಿಲು ತೆರೆದಾಗ ಗೋಡೆಗಳ ಮೇಲೆ ಹಸಿರು ಬೂಷ್ಟು ಬೆಳೆದಿತ್ತು. ಬೀದರಿನಿಂದ ಲಾರಿಯಲ್ಲಿ ಹಾಕಿ ಕಳಿಸಿದ್ದ ಕಬ್ಬಿಣದ ಅಲಮಾರಿಯ ಬಾಗಿಲು ಕೈಗೇ ಬಂತು. ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಒದ್ದೆ ಅರಿವೆಯಂತಾಯಿತು. ಶಿವರಾಜಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ರೊಟ್ಟಿಯ ಮೇಲೆ. ಮನೆ ಕಟ್ಟಿ ನೋಡು ಎಂದ ಹಿರಿಯರು ಕಡಲ ಪಕ್ಕ ಕಟ್ಟಿ ನೋಡು ಎಂದಿದ್ದರೆ ಮದುವೆಯ ಮಾತು ಎತ್ತುವ ಅಗತ್ಯವೇ ಇರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವನು ಆ ಕಡೆ ಮುಖ ಹಾಕಲಿಲ್ಲ. ಗಂಜು ಬಿಟ್ಟು ಬರಲಾಗದು ಎಂಬ ನೆವ ಇದ್ದೇ ಇತ್ತು. ರಿಪೇರಿಗೆ ಹೋದವಳು ಹೆಂಡತಿ ಕಸ್ತೂರಿಬಾಯಿ. ಔರಾದ ತಾಲೂಕಿನ ಚಿಂತಾಕಿಯಲ್ಲಿ ಹುಟ್ಟಿ, ಕರಿಮಣ್ಣಿನಲ್ಲಿ ಬೆಳೆದು, ಗಂಜಿನ ಅಂಗಡಿಯ ಹಿಂದಿನ ಮನೆಗೆ ಸೊಸೆಯಾಗಿ ಬಂದವಳು. ಒಮ್ಮೆ ಗೋಡೆಗೆ ಸುಣ್ಣ ಹೊಡೆಸಲು, ಒಮ್ಮೆ ಮಾಡಿಗೆ ಹೆಂಚು ಹೊದಿಸಲು ಎಂದು ಹೋದವಳು ಅಲ್ಲಿ ತಿಂಗಳುಗಟ್ಟಲೆ ಉಳಿದಳು. ಪಕ್ಕದ ಮನೆಯ ಮೀನು ಮಾರುವ ಹೆಂಗಸು ಹೇಳಿಕೊಟ್ಟದ್ದನ್ನೆಲ್ಲ ಕಲಿತಳು. ನೋಡ ನೋಡುತ್ತ ಆ ಮನೆ ಅವಳ ಕರುಳಿಗೆ ಅಂಟಿಕೊಂಡಿತು. ಆದರೆ ಇದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಆಡುವ ರೂಢಿ ಇರಲಿಲ್ಲ.

ಹಾಗಾಗಿ ಏಪ್ರಿಲಿನ ಒಂದು ಮುಂಜಾನೆ ಶಿವರಾಜಪ್ಪ ಅಂಗಿ ತೊಡುತ್ತ, "ಕಡಲ ಮನಿ ಮಾರೀನಿ. ದಲಾಲ ಕರೀಮ ಸಾಬ ಗಿರಾಕಿ ತಂದಾನ, ನಾ ಮಾತು ಕೊಟ್ಟೀನಿ. ಇವತ್ತ ಅವರು ಬರ್ತಾರ, ಸಕ್ಕರಿ ತೆಗೆದಿಡು," ಎಂದಾಗ ಅವಳು "ಹ್ಞೂಂ" ಎಂದಳು. ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ಗಂಜಿನಲ್ಲಿ ಕೊಟ್ಟ ಮಾತೆಂದರೆ ಮಾತು. ದರ ಏರಲಿ ಇಳಿಯಲಿ, ಹಿಂದೆ ತೆಗೆಯುವುದಿಲ್ಲ. ಮಾತು ಮುರಿದವನ ಚೀಲಕ್ಕೆ ಮರುದಿನ ಯಾರೂ ಕೈ ಹಚ್ಚುವುದಿಲ್ಲ. ಶಿವರಾಜಪ್ಪ ಒಮ್ಮೆಯೂ ಮುರಿದವನಲ್ಲ, ಊರೆಲ್ಲ ಅದನ್ನೇ ಹೇಳುತ್ತಿತ್ತು. ಗಂಡ ಹಿಂದೆ ಸರಿಯುವುದು ಸಾಧ್ಯವಿಲ್ಲ ಎಂದಾದರೆ ಗಿರಾಕಿಯೇ ಓಡಿಹೋಗಬೇಕು. ಕಸ್ತೂರಿಬಾಯಿ ನಿಶ್ಚಯ ಮಾಡಿದಳು. ಸುಳ್ಳು ಹೇಳುವ ಕೆಲಸವೇ ಇಲ್ಲ. ಆ ಮನೆಯ ಕುಂದುಗಳನ್ನು ಇದ್ದದ್ದು ಇದ್ದಹಾಗೆ ಹೇಳಿದರೆ ಸಾಕು, ಬಂದವರು ಚಪ್ಪಲಿ ಹುಡುಕುತ್ತಾರೆ.

ಬಂದವರು ಭಾಲ್ಕಿಯ ಇಬ್ಬರು ಹೆಂಗಸರು, ತಾಯಿ ಮಗಳು. ಮಗಳು ರುಖ್ಸಾರ ಕುಮಟಾದ ಕಡೆ ಆಸ್ಪತ್ರೆಯೊಂದರಲ್ಲಿ ನರ್ಸು, ಅಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ತಾಯಿ ಶಾಕಿರಾ ಬೇಗಂ ಭಾಲ್ಕಿಯಲ್ಲಿ ತಮ್ಮನ ಸಂಸಾರದೊಂದಿಗೆ ಇದ್ದವರು, ಈಗ ಮಗಳ ಬಳಿಗೆ ಹೋಗುವ ಆಸೆ. ಬೆಳ್ಳಗಿನ ದುಪಟ್ಟಾ ತಲೆ ಮೇಲೆ ಎಳೆದುಕೊಂಡು ಒಂದು ಬದಿಗೆ ಕೂತರು. ಒಳ್ಳೆಯ ಮಂದಿ ಎಂಬುದು ನೋಡಿದರೆ ತಿಳಿಯುತ್ತಿತ್ತು. ಕಸ್ತೂರಿಬಾಯಿಗೆ ಅದರಿಂದ ಇನ್ನಷ್ಟು ಸಂಕಟವಾಯಿತು.

"ಮನಿ ಹ್ಯಾಂಗದ ಅಂತ ಕೇಳ್ಬೇಕಂದ್ರ ನನಗ ಕೇಳ್ರಿ," ಎಂದು ಅವಳೇ ಶುರುಮಾಡಿದಳು. "ಇವರು ಅಲ್ಲಿ ಇದ್ದವರಲ್ಲ. ಮೊದಲು ಬಾವಿ ಮಾತು ಹೇಳ್ತೇನಿ. ನಮ್ಮ ಕಡಿ ಬ್ಯಾಸಗ್ಯಾಗ ಬಾವ್ಯಾಗ ನೀರು ಕಂಡ್ರ ಸಾಕು, ಮನಿ ಛಲೋ ಅಂತೇವಿ. ಅಲ್ಲಿ ಹಂಗಲ್ರಿ. ನೀರು ತುಂಬಿರ್ತದ, ಮೇ ತಿಂಗಳದಾಗ ಬಾಯಾಗ ಹಾಕ್ಕೊಂಡ್ರ ಉಪ್ಪು!"

ಶಿವರಾಜಪ್ಪ ಕೆಮ್ಮಿದ. ಅವಳು ಆ ಕಡೆ ನೋಡಲಿಲ್ಲ.

"ಪೂರಾ ಉಪ್ಪೇನ್ರಿ?" ರುಖ್ಸಾರ ಕೇಳಿದಳು.

"ಮೋಟರ್ ಹಚ್ಚಿ ಎಳದ್ರ ಪೂರಾ ಉಪ್ಪು. ಸಿಹಿನೀರು ಮ್ಯಾಲ ಇರ್ತದ, ಒಮ್ಮೆಲೇ ಎಳದ್ರ ಕೆಳಗಿನ ಕಡಲ ನೀರು ಏರ್ತದ. ಕೊಡದಿಂದ ಸ್ವಲ್ಪ ಸ್ವಲ್ಪ ಸೇದಿದ್ರ ತಡೀತದ. ಮಾಡಿನ ಮಳಿನೀರು ಬಾವಿಗಿ ಬಿಟ್ಟೀನಿ, ಹ್ವಾದ ವರ್ಷ ಮೇ ತಿಂಗಳದಾಗೂ ಚಾ ಕುಡಿಯುವಂಗ ಇತ್ತು." ಹೇಳಿ ಮುಗಿಸಿದ ಮೇಲೆ ಕಸ್ತೂರಿಬಾಯಿಗೆ ಅರಿವಾಯಿತು, ಹೇಳಬೇಕಾದದ್ದು ಮೊದಲ ಅರ್ಧ ಮಾತ್ರ ಆಗಿತ್ತು.

ನಾಲಿಗೆ ಕಚ್ಚಿಕೊಂಡು ಮುಂದಿನದಕ್ಕೆ ಹೋದಳು. "ಕಬ್ಬಿಣ ಅಲ್ಲಿ ಬದುಕಂಗಿಲ್ರಿ. ಸ್ಲ್ಯಾಬಿನಾಗಿನ ಸಳಿ ತುಕ್ಕು ಹಿಡದು ಉಬ್ತಾವ, ಸಿಮೆಂಟಿನ ಗಿಲಾವು ಉದುರಿ ತಲಿ ಮ್ಯಾಲ ಬೀಳ್ತದ. ನಮ್ಮ ಪಡಸಾಲ್ಯಾಗ ಬಿದ್ದದ. ಎಲ್ಲೇ ಮನಿ ನೋಡ್ರಿ, ಒಂದು ಕೋಲು ತಗೊಂಡು ಮ್ಯಾಲ ಬಡದು ನೋಡ್ರಿ. ಟೊಳ್ಳು ಸಪ್ಪಳ ಬಂದ್ರ ಬಿಟ್ಟು ಬರ್ರಿ."

"ನಿಮ್ಮ ಮನ್ಯಾಗ ಬರ್ತದೇನ್ರಿ ಟೊಳ್ಳು ಸಪ್ಪಳ?"

"ಮೊದಲು ಬರ್ತಿತ್ತು. ಸಳಿ ತಿಕ್ಕಿಸಿ, ಬಣ್ಣ ಹಚ್ಚಿಸಿ, ಮತ್ತ ಗಿಲಾವು ಮಾಡಿಸೀನಿ. ಮ್ಯಾಲ ಹೆಂಚು ಹೊದಿಸೀನಿ. ಈಗ ಬರಂಗಿಲ್ಲ." ಮತ್ತೆ ಅದೇ ಆಯಿತು.

ಅಲ್ಲಿಂದ ಮುಂದೆ ಅವಳ ಬಾಯಿ ಅವಳ ಮಾತು ಕೇಳಲಿಲ್ಲ. ಗೋಡೆಗೆ ದಪ್ಪ ಎಣ್ಣೆಬಣ್ಣ ಬಳಿದರೆ ಒಳಗಿನ ಪಸೆ ಹೊರಗೆ ಬರದೆ ಹೊಪ್ಪಳ ಹೊಪ್ಪಳ ಏಳುತ್ತದೆ ಎಂದಳು. ಸುಣ್ಣ ಹೊಡೆದರೆ ಗೋಡೆ ಉಸಿರಾಡುತ್ತದೆ ಎಂದೂ ಸೇರಿಸಿದಳು. ಕಿಟಕಿಯ ಸರಳಿಗೆ ಉಪ್ಪು ಕೂರುತ್ತದೆ, ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಒರೆಸಿ ತಿರುಗಣಿಗಳಿಗೆ ಕೊಬ್ಬರಿ ಎಣ್ಣೆ ಬಿಡಬೇಕು. ಫ್ರಿಜ್ಜು ಗೋಡೆಗೆ ತಾಗಿಸಿ ಇಟ್ಟರೆ ಬೆನ್ನು ತಿಂದುಹೋಗುತ್ತದೆ. ಕಡಲಿಗೆ ಅಷ್ಟು ಹತ್ತಿರ ಒಂದು ಕೋಣೆ ಹೆಚ್ಚಿಗೆ ಕಟ್ಟಬೇಕೆಂದರೂ ಪಂಚಾಯಿತಿಯ ಚೀಟಿ ಸಾಲದು, ಮೇಲಿನವರ ಪರವಾನಗಿ ಇದೆಯೇ ಎಂದು ಮೊದಲೇ ಕೇಳಬೇಕು. ಮನೆ ನೋಡುವುದಾದರೆ ಜನವರಿಯಲ್ಲಿ ನೋಡಬಾರದು, ಜುಲೈಯಲ್ಲಿ ನೋಡಬೇಕು.

"ಎಲ್ಲಕ್ಕಿಂತ ದೊಡ್ಡ ಮಾತು," ಎಂದು ಕೊನೆಗೆ ಬೆರಳೆತ್ತಿದಳು, "ಆ ಮನಿ ಮುಚ್ಚಿಡಬಾರದ್ರಿ. ಮುಚ್ಚಿದ್ರ ಕೊಳೀತದ. ದಿನಾ ಯಾರಾರ ಇರಬೇಕು, ಕಿಡಕಿ ತೆರೀಬೇಕು, ಒಲಿ ಹಚ್ಚಬೇಕು."

ರುಖ್ಸಾರಳ ಮುಖ ಅರಳಿತು. "ನಾ ಭಾಳ ಮನಿ ನೋಡೀನ್ರಿ ಅಕ್ಕಾ. ಎಲ್ಲಾರೂ ಹೊಸಾ ಬಣ್ಣ ಹಚ್ಚಿ, ಏನೂ ಕುಂದಿಲ್ಲ ಅಂತಾರ. ನೀವೊಬ್ಬರೇ ರೋಗಾನೂ ಹೇಳಿದ್ರಿ, ಔಷಧಾನೂ ಹೇಳಿದ್ರಿ. ನನಗ ಇದೇ ಮನಿ ಬೇಕು."

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವುದೆಂದರೆ ಇದೇ. ಶಿವರಾಜಪ್ಪನ ಕೆಮ್ಮು ಮಾಯವಾಗಿತ್ತು. ಹೆಂಡತಿಯ ಜಾಣತನಕ್ಕೆ ಅವನು ದಂಗಾಗಿದ್ದ. ಗಂಜಿನಲ್ಲಿ ಇಷ್ಟು ವರ್ಷ ಕೂತರೂ ಹೀಗೆ ಮಾಲು ದಾಟಿಸುವುದು ತನಗೆ ತಿಳಿದಿರಲಿಲ್ಲ ಎಂಬಂತೆ ಅವಳನ್ನು ನೋಡಿದ. "ಏ ಕಸ್ತೂರಿ, ಸಕ್ಕರಿ ತಾ!" ಎಂದು ಹಿಗ್ಗಿನಿಂದ ಕೂಗಿದ.

ಅವರ ಮನೆತನದಲ್ಲಿ ಅದೊಂದು ಕಟ್ಟಳೆ. ಹೊಲವಾಗಲಿ ಮನೆಯಾಗಲಿ, ಕೊಡುವವರ ಮನೆಯ ಹೆಂಗಸು ಅಡುಗೆಮನೆಯಿಂದ ಸಕ್ಕರೆ ತಂದು ಕೊಳ್ಳುವವರ ಬಾಯಿ ಸಿಹಿ ಮಾಡಿದ ಮೇಲೆಯೇ ವ್ಯವಹಾರ ಪಕ್ಕಾ. ಇದರ ಮುಂದೆ ಸಹಿ ಸಿಕ್ಕಾ ಎಲ್ಲ ಬರಿ ಕಾಗದದ ಕೆಲಸ.

ಕಸ್ತೂರಿಬಾಯಿ ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದಳು. ಬಟ್ಟಲಿಗೆ ಸಕ್ಕರೆ ಹಾಕಲು ಕೈ ಏಳಲಿಲ್ಲ. ಹೊರಗಿನಿಂದ ಮತ್ತೆ ಕೂಗು ಬಂತು. ಜೀವಮಾನವೆಲ್ಲ ಆ ಕೂಗಿಗೆ ಓಡಿ ಬಂದವಳು ಅವಳು. ಈಗಲೂ ಬಂದಳು, ಆದರೆ ಕೈ ಬೀಸಿಕೊಂಡು ಬಂದಳು.

"ಸಕ್ಕರಿ ಇಲ್ಲೇನು?" ಶಿವರಾಜಪ್ಪ ಕೇಳಿದ.

"ಡಬ್ಬಿ ತುಂಬ ಅದ ರೀ. ನಾ ತರಂಗಿಲ್ಲ."

ಕಸ್ತೂರಿಬಾಯಿ ರುಖ್ಸಾರಳ ಕಡೆ ತಿರುಗಿದಳು. "ತಪ್ಪು ತಿಳಕೋಬ್ಯಾಡವ್ವ. ನೀ ಓಡಿ ಹೋಗ್ಲಿ ಅಂತ ಕುಂದು ಹೇಳಿದೆ. ನನಗ ಆ ಮನಿ ಮಾರೂ ಮನಸಿಲ್ಲ."

ರುಖ್ಸಾರಳ ಮುಖ ಕೆಂಪಾಯಿತು. "ಹಂಗಾದ್ರ ನಮಗ ಯಾಕ ಕರೆಸಿದ್ರಿ? ನಾ ಡ್ಯೂಟಿ ಬಿಟ್ಟು ಅಷ್ಟು ದೂರದಿಂದ ಬಂದೀನಿ. ಅಮ್ಮಿ ಆಗಲೇ ಸಾಮಾನು ಕಟ್ಯಾಳ."

ನ್ಯಾಯವಾದ ಸಿಟ್ಟು. ಕಸ್ತೂರಿಬಾಯಿಗೆ ನಾಚಿಕೆಯಾಯಿತು, ಆದರೂ ತಲೆ ತಗ್ಗಿಸಲಿಲ್ಲ. ಶಿವರಾಜಪ್ಪ ಎದ್ದು ನಿಂತ. "ಏನು ಹಿಡದದ ನಿನಗ? ನಾ ಮಾತು ಕೊಟ್ಟೀನಿ! ಏನದ ಆ ಹಾಳ ಮನ್ಯಾಗ?"

"ಈ ಮನ್ಯಾಗ ಮುಂಜಾನಿಂದ ಒಂದೇ ಸಮ ಕರೀತಾರ್ರಿ," ಎಂದಳು ಕಸ್ತೂರಿಬಾಯಿ. "ಕಸ್ತೂರಿ ಚಾ ತಾ, ಕಸ್ತೂರಿ ನೀರು ತಾ, ಮಂದಿ ಬಂದಾರ ರೊಟ್ಟಿ ಬಡಿ. ಬ್ಯಾಸರಾಗಿ ಹೇಳ್ಲಿಕ್ಹತ್ತಿಲ್ರಿ, ಸಂಸಾರ ಅಂದ್ರ ಹಂಗೇ. ಅಲ್ಲಿ ಕಡಲು ಹಗಲೂ ರಾತ್ರಿ ಮಾತಾಡ್ತದ. ಆದ್ರ ನನಗ ಏನೂ ತಾ ಅನ್ನಂಗಿಲ್ಲ. ನಾ ಸುಮ್ನ ಕೂಡ್ತೇನಿ. ಅಷ್ಟ ರೀ. ಮತ್ತೇನೂ ಇಲ್ಲ ಆ ಮನ್ಯಾಗ."

ಶಿವರಾಜಪ್ಪ ನಿಂತವನು ಹಾಗೇ ಕೂತ.

ಹೊರಡಲೆಂದು ಬ್ಯಾಗು ಎತ್ತಿಕೊಂಡಿದ್ದ ರುಖ್ಸಾರ ಅದನ್ನು ಕೆಳಗಿಟ್ಟಳು. "ನನಗೂ ವಾರ್ಡಿನಾಗ ದಿನಾ ಹಂಗೇ ರೀ," ಎಂದಳು ಮೆಲ್ಲಗೆ. "ಸಿಸ್ಟರ್, ಸಿಸ್ಟರ್ ಅಂತ. ಕನಸಿನಾಗೂ ಕೇಳಸ್ತದ."

ಅಲ್ಲಿಯವರೆಗೆ ತುಟಿ ಪಿಟಕ್ ಎನ್ನದಿದ್ದ ಶಾಕಿರಾ ಬೇಗಂ ಕಸ್ತೂರಿಬಾಯಿಯನ್ನೇ ನೋಡುತ್ತಿದ್ದರು. ಮೊಣಕಾಲ ಮೇಲೆ ಕೈಯೂರಿ ಹತ್ತಿರ ಸರಿದರು. "ಆಪಾ, ಮುಚ್ಚಿದ ಮನಿ ಕೊಳೀತದ ಅಂತ ನೀವೇ ಹೇಳಿದ್ರಿ. ನೀವು ಇಲ್ಲಿದ್ರ ಅಲ್ಲಿ ಕಿಡಕಿ ಯಾರು ತೆರೀಬೇಕು?"

ಪ್ರತಿ ಸಲ ಅಲ್ಲಿಂದ ಹೊರಡುವಾಗ ಕಸ್ತೂರಿಬಾಯಿಯನ್ನು ಕಾಡುತ್ತಿದ್ದ ಚಿಂತೆಯೂ ಅದೇ.

"ಮಾರಬ್ಯಾಡ್ರಿ. ಬಾಡಿಗಿ ಕೊಡ್ರಿ," ಎಂದರು ಶಾಕಿರಾ ಬೇಗಂ. "ನಾ ಇರ್ತೇನಿ, ದಿನಾ ಒಲಿ ಹಚ್ತೇನಿ. ಸರಳಿನ ಉಪ್ಪು ಒರಸ್ತೇನಿ, ನೀರು ಕೊಡದಿಂದ ಸೇದ್ತೇನಿ. ಒಂದು ಕೋಣಿ ನಿಮಗಂತ ಖಾಲಿ ಇರ್ತದ. ಮನಸಿಗಿ ಬಂದಾಗ ಬರ್ರಿ." ಆಮೇಲೆ ಕಸ್ತೂರಿಬಾಯಿಯ ಕೈ ಹಿಡಿದು ನಕ್ಕರು. "ಬಂದಾಗ ನಾವು ನಿಮಗ ಕರೆಯಂಗಿಲ್ಲ."

ಕಸ್ತೂರಿಬಾಯಿಗೆ ಅಳು ಬಂತು. ಪರರ ಮುಂದೆ ಅಳಬಾರದು ಎಂದು ಕಲಿತವಳು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಶಿವರಾಜಪ್ಪ ಮೊಬೈಲು ತೆಗೆದ. ಬಾಗಿಲ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತು ಮಾತಾಡಿದರೂ ಎಲ್ಲರಿಗೂ ಕೇಳಿಸಿತು. "ಕರೀಮ ಸಾಬ, ಮನಿ ಕೊಡಂಗಿಲ್ಲಪಾ... ಇಲ್ಲ, ದರದ ಮಾತಲ್ಲ... ಹೌದು, ಮಾತು ಕೊಟ್ಟಿದ್ದೆ. ಮುರದೀನಿ. ಗಂಜಿನಾಗ ಯಾರಾರ ಕೇಳಿದ್ರ ಶಿವರಾಜಪ್ಪ ಮಾತು ಮುರದ ಅಂತ ಹೇಳು, ನನಗೇನೂ ಸಿಟ್ಟಿಲ್ಲ." ಫೋನು ಇಟ್ಟಾಗ ಅವನ ಮುಖ ಬಾಡಿತ್ತು. ಆ ಒಂದು ಮಾತು ಅವನಿಗೆ ಎಷ್ಟು ಭಾರವಾಗಿರಬಹುದೆಂದು ಕಸ್ತೂರಿಬಾಯಿಗೆ ಗೊತ್ತಿತ್ತು. ನಾಳೆ ಅಂಗಡಿಯ ಮುಂದೆ ಹಮಾಲರೂ ಅದನ್ನೇ ಆಡಿಕೊಳ್ಳುತ್ತಾರೆ.

ತಾಯಿ ಮಗಳು ಬಾಡಿಗೆಯ ಮಾತು ಮುಗಿಸಿ, ಭಾಲ್ಕಿಯ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅವರನ್ನು ರಸ್ತೆಯವರೆಗೆ ಕಳಿಸಿ ಕಸ್ತೂರಿಬಾಯಿ ಒಳಗೆ ಬಂದಾಗ ಶಿವರಾಜಪ್ಪ ಮತ್ತೆ ತನ್ನ ಜಾಗದಲ್ಲಿ ಕೂತಿದ್ದ. ಅವಳ ಮುಖ ನೋಡದೆ, ಗಂಜಿನಲ್ಲಿ ಯಾರ ಬಳಿಯೂ ಯಾವತ್ತೂ ಬಳಸದ ಧ್ವನಿಯಲ್ಲಿ ಕೇಳಿದ:

"ಅಲ್ಲಿಗಿ ನಾ ಬಂದ್ರ ನಡೀತದೇನು?"

ಕಸ್ತೂರಿಬಾಯಿ ಸ್ವಲ್ಪ ಯೋಚಿಸಿದಳು. ನಡೆಯುತ್ತದೆ ಎಂದು ಬಾಯಿಗೆ ತಟ್ಟನೆ ಬಂದದ್ದನ್ನು ತಡೆದು, ನಿಜವಾಗಿಯೇ ಯೋಚಿಸಿದಳು.

"ಬರ್ರಿ," ಎಂದಳು. "ಆದ್ರ ಸುಮ್ನ ಕೂಡಬೇಕು."